ಯೋನನ ಗಿಡವೂ ನಿನೆವೆಯ ಜನವೂ

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗ ನಾನು ಅರೆಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಭಾನುವಾರದ ಬಲಿಪೂಜೆಯ ಬಳಿಕ ಮಕ್ಕಳಿಗೆ ಧರ್ಮೋಪದೇಶದ ತರಗತಿಗಳು ನಡೆಯುತ್ತಿದ್ದವು. ಪ್ರೌಢಶಾಲೆಯಲ್ಲಿ ಅಧ್ಯಾಪಕಿಯಾಗಿದ್ದ ಯುವತಿಯೊಬ್ಬರು ಒಂದು ವಾರ ಪ್ರವಾದಿ ಯೋನನ ಗ್ರಂಥವನ್ನು ಪಾಠ ಮಾಡಿದರು. ಇದು ನಡೆದ ಘಟನೆಯ ವರದಿಯಲ್ಲ, ದೇವರ ಕರುಣೆಗೆ ಎಲ್ಲೆಯಿಲ್ಲವೆಂಬುದನ್ನು ಮನಗಾಣಿಸಲು ಬರೆದ ಬೋಧಪ್ರದವಾದ ಕಥೆ ಎಂದು ಅವರು ಮಕ್ಕಳಿಗೆ ವಿವರಿಸಿದರು.

ಆ ತರಗತಿಯಲ್ಲಿದ್ದ ಹುಡುಗನೊಬ್ಬ ಮನೆಗೆ ಹೋಗಿ, "ತಾತ, ಯೋನನನ್ನು ಮೀನು ನುಂಗಲೇ ಇಲ್ಲವಂತೆ" ಎಂದ. ತಾತ ಕಾಫಿ ತೋಟದಲ್ಲಿ ರೈಟರ್ ಆಗಿ ದುಡಿದು ನಿವೃತ್ತರಾದವರು. ಮಳೆಯಿರಲಿ ಚಳಿಯಿರಲಿ, ಬೆಳಗಿನ ಬಲಿಪೂಜೆಯನ್ನು ತಪ್ಪಿಸಿದವರಲ್ಲ. ಅಂದು ಸಂಜೆಯೇ ಗುರುಮನೆಗೆ ಬಂದರು. "ಸ್ವಾಮಿ, ಮೂರು ದಿನ ಮೀನಿನ ಹೊಟ್ಟೆಯ ಮಾತನ್ನು ಯೇಸುಸ್ವಾಮಿಯೇ ಎತ್ತಿದ್ದಾರಲ್ಲ? ಅದು ಬರೀ ಕಥೆಯಾದರೆ ಇನ್ನು ಯಾವುದು ನಿಜ?" ಎಂದು ಕೇಳಿದರು.

ನಾನು ಅವರನ್ನು ಕುಳ್ಳಿರಿಸಿ ಮಾತನಾಡಬೇಕಿತ್ತು. ಹಾಗೆ ಮಾಡಲಿಲ್ಲ. ಏನೋ ಕೆಲಸದ ನೆಪ ಹೇಳಿ ಕಳುಹಿಸಿಕೊಟ್ಟೆ. ಮುಂದಿನ ಭಾನುವಾರದ ಪ್ರಬೋಧನೆಯಲ್ಲಿ ಪವಿತ್ರ ಗ್ರಂಥದ ಸಾಹಿತ್ಯ ಪ್ರಕಾರಗಳನ್ನು ಕುರಿತು ಅರ್ಧ ಗಂಟೆ ಮಾತನಾಡಿದೆ. ಗುರುಮಠದಲ್ಲಿ ಓದಿದ ತತ್ತ್ವಶಾಸ್ತ್ರದ ಹಮ್ಮು ನಾಲಗೆಯ ಮೇಲೆ ಕುಳಿತಿತ್ತು. ಅಕ್ಷರಕ್ಕೆ ಅಂಟಿಕೊಂಡು ಓದುವವರ ವಿಶ್ವಾಸ ಇನ್ನೂ ಮಗುವಿನ ವಿಶ್ವಾಸ ಎಂಬ ಅರ್ಥದ ಮಾತನ್ನೂ ಆಡಿಬಿಟ್ಟೆ. ಯಾರ ಹೆಸರನ್ನೂ ಹೇಳಲಿಲ್ಲ, ನಿಜ. ಆದರೆ ನೂರು ಚಿಲ್ಲರೆ ಮನೆಗಳ ಊರಿನಲ್ಲಿ ಹೆಸರು ಹೇಳುವ ಅಗತ್ಯವೇನೂ ಇರಲಿಲ್ಲ.

ಮರುವಾರ ಮುಂದಿನ ಸಾಲಿನಲ್ಲಿ ಅವರು ಕೂರುವ ಜಾಗ ಬರಿದಾಗಿತ್ತು. ಬಸ್ಸು ಹತ್ತಿ ಪಕ್ಕದ ಊರಿನ ದೇವಾಲಯಕ್ಕೆ ಹೋಗತೊಡಗಿದ್ದರು. ಅವರ ಮೇಲಿನ ಗೌರವದಿಂದ ಕೆಲವು ಮನೆಯವರು ಮಕ್ಕಳನ್ನು ಧರ್ಮೋಪದೇಶಕ್ಕೆ ಕಳುಹಿಸುವುದನ್ನು ನಿಲ್ಲಿಸಿದರು. ಯುವಕರು ಅಧ್ಯಾಪಕಿಯ ಪರವಾಗಿ ನಿಂತರು. ಶಾಂತಿ ಕೋರುವ ಹೊತ್ತಿಗೆ ಒಂದು ಗುಂಪಿನವರು ಇನ್ನೊಂದು ಗುಂಪಿನವರ ಕಡೆಗೆ ತಿರುಗುತ್ತಿರಲಿಲ್ಲ. ಯಾರ ಪರವಾಗಿ ನಾನು ವಾದಿಸಿದೆನೋ ಆ ಅಧ್ಯಾಪಕಿಯೇ ಒಂದು ದಿನ ಬಂದು, "ಫಾದರ್, ನನ್ನ ಪರ ಮಾತನಾಡಿ ಎಂದು ನಾನು ಕೇಳಿರಲಿಲ್ಲ. ಈಗ ನನ್ನ ತರಗತಿಯ ಅರ್ಧ ಬೆಂಚು ಖಾಲಿ" ಎಂದು ಕಣ್ಣೀರು ತಂದುಕೊಂಡರು.

ಆ ದಿನಗಳಲ್ಲಿ ನನ್ನ ಕಣ್ಣು ತೆರೆಸಿದ್ದು ಸಾವಿರದ ಆರುನೂರು ವರ್ಷಗಳ ಹಿಂದಿನ ಒಂದು ಜಗಳ. ಅದೂ ಯೋನನ ಗ್ರಂಥವನ್ನೇ ಕುರಿತದ್ದು.

ನಿನೆವೆಯ ಪಟ್ಟಣಕ್ಕೆ ಎದುರಾಗಿ ಕುಳಿತ ಯೋನನಿಗೆ ನೆರಳಾಗಲೆಂದು ದೇವರು ಒಂದು ಗಿಡವನ್ನು ಬೆಳೆಸಿದರೆಂದು ಆ ಗ್ರಂಥದ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಗ್ರೀಕ್ ಭಾಷಾಂತರವನ್ನು ಅನುಸರಿಸಿದ ಹಳೆಯ ಲ್ಯಾಟಿನ್ ಪಾಠದಲ್ಲಿ ಅದು ಸೋರೆಬಳ್ಳಿ. ಸಂತ ಜೆರೋಮರು ಬೆತ್ಲೆಹೇಮಿನಲ್ಲಿ ನೆಲೆಸಿ ಹೀಬ್ರೂ ಮೂಲದಿಂದಲೇ ಲ್ಯಾಟಿನ್ನಿಗೆ ಹೊಸದಾಗಿ ಅನುವಾದಿಸುತ್ತಿದ್ದರು. ಅವರು ಅಲ್ಲಿ ಗೋಡೆಗೆ ಹಬ್ಬುವ ಐವಿ ಬಳ್ಳಿಯ ಹೆಸರನ್ನು ಬರೆದರು. ಉತ್ತರ ಆಫ್ರಿಕದ ಓಯಾ ಎಂಬ ಪಟ್ಟಣದಲ್ಲಿ, ಅಂದರೆ ಇಂದಿನ ಲಿಬಿಯಾ ದೇಶದ ಟ್ರಿಪೋಲಿಯಲ್ಲಿ, ಧರ್ಮಾಧ್ಯಕ್ಷರೊಬ್ಬರು ಈ ಹೊಸ ಪಾಠವನ್ನು ದೇವಾಲಯದಲ್ಲಿ ಓದಿಸಿದರು. ತಲೆಮಾರುಗಳಿಂದ ಕೇಳಿ ಹಾಡಿ ಬಾಯಿಪಾಠವಾಗಿದ್ದ ಮಾತು ಬದಲಾದದ್ದನ್ನು ಕೇಳಿ ಜನ ಎದ್ದುನಿಂತು ಗದ್ದಲವೆಬ್ಬಿಸಿದರು. ಪವಿತ್ರ ಗ್ರಂಥವನ್ನು ಕೆಡಿಸಲಾಗಿದೆ ಎಂಬ ಕೂಗು ಎದ್ದಿತು. ಧರ್ಮಾಧ್ಯಕ್ಷರು ಅಲ್ಲಿನ ಯೆಹೂದ್ಯರನ್ನು ವಿಚಾರಿಸಬೇಕಾಯಿತು. ಹಳೆಯ ಪಾಠವೇ ಸರಿ ಎಂದು ಅವರು ಹೇಳಿದರು. ಕಡೆಗೆ, ಮಂದೆಯಿಲ್ಲದ ಕುರುಬನಾಗಿ ಉಳಿಯಬಾರದೆಂದು ಆ ಧರ್ಮಾಧ್ಯಕ್ಷರು ಓದನ್ನು ತಿದ್ದಿಕೊಂಡರು. ಈ ಸಂಗತಿಯನ್ನು ಹಿಪ್ಪೋ ನಗರದ ಧರ್ಮಾಧ್ಯಕ್ಷರಾದ ಸಂತ ಅಗಸ್ಟೀನರು 403ರಲ್ಲಿ ಜೆರೋಮರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ.

ಜೆರೋಮರ ಉತ್ತರವೂ ಉಳಿದುಬಂದಿದೆ. ಹೀಬ್ರೂ ಮೂಲದ ಆ ಗಿಡಕ್ಕೆ ಲ್ಯಾಟಿನ್ನಿನಲ್ಲಿ ಹೆಸರೇ ಇಲ್ಲ. ಮೂಲದ ಹೆಸರನ್ನೇ ಇಟ್ಟರೆ ಯಾರಿಗೂ ತಿಳಿಯದು. ಸೋರೆ ಎಂದರೆ ಮೂಲದಲ್ಲಿ ಇಲ್ಲದ್ದನ್ನು ಹೇಳಿದಂತಾಗುತ್ತದೆ. ಆದ್ದರಿಂದ ಹಿಂದಿನ ಇತರ ಭಾಷಾಂತರಕಾರರನ್ನು ಅನುಸರಿಸಿದೆ ಎಂಬುದು ಅವರ ಸಮಜಾಯಿಷಿ. ಅಗಲವಾದ ಎಲೆಯ, ಬೇಗನೆ ಬೆಳೆದು ನಿಲ್ಲುವ ಪೊದೆ ಅದು ಎಂದು ಅವರು ಬಣ್ಣಿಸುತ್ತಾರೆ. ಅದು ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳು ಗಿಡವೇ ಇರಬೇಕೆಂಬುದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ಸೋರೆಯೂ ಅಲ್ಲ, ಐವಿಯೂ ಅಲ್ಲ! ಒಂದು ಧರ್ಮಸಭೆ ಒಡೆದುಹೋಗುವ ಅಂಚಿಗೆ ಬಂದದ್ದು ಹೀಗೆ.

ಈ ಪ್ರಸಂಗದಲ್ಲಿ ಒಂದು ವಿಪರ್ಯಾಸವಿದೆ. ಯೋನನ ಗ್ರಂಥ ಮುಗಿಯುವುದು ದೇವರ ಒಂದು ಪ್ರಶ್ನೆಯಿಂದ. ನೀನು ನೆಟ್ಟದ್ದೂ ಅಲ್ಲದ, ಬೆಳೆಸಿದ್ದೂ ಅಲ್ಲದ ಒಂದು ಗಿಡಕ್ಕಾಗಿ ಇಷ್ಟು ಮರುಗುವೆಯಾದರೆ, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಗಿಡದ ಮೇಲೆ ಮನಸ್ಸಿಟ್ಟು ಜನರನ್ನು ಮರೆತ ಪ್ರವಾದಿಗೆ ದೇವರು ಕಲಿಸಿದ ಪಾಠವದು. ಓಯಾ ಪಟ್ಟಣದವರು ಅದೇ ಪುಟವನ್ನು ಓದುತ್ತ ಗಿಡಕ್ಕಾಗಿ ಜಗಳವಾಡಿದರು. ನಾವು ನಮ್ಮ ಊರಿನಲ್ಲಿ ಮೀನಿಗಾಗಿ ಜಗಳವಾಡಿದೆವು. ನಿನೆವೆಯ ಜನ ಎರಡೂ ಕಡೆ ಮರೆತುಹೋದರು.

ಹಾಗಾದರೆ ಪವಿತ್ರ ಗ್ರಂಥದ ಅರ್ಥವನ್ನು ಕುರಿತು ಚರ್ಚೆಯೇ ಕೂಡದೇ? ಐಕ್ಯ ಉಳಿಯಬೇಕಾದರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕೇ? ಹಾಗೆಂದು ಹೇಳುವವರು ನಮ್ಮಲ್ಲಿ ಉಂಟು. ಈ ಪ್ರಶ್ನೆಗೂ ಆ ಇಬ್ಬರು ಸಂತರ ಪತ್ರವ್ಯವಹಾರದಲ್ಲೇ ಉತ್ತರ ದೊರೆಯುತ್ತದೆ. ಏಕೆಂದರೆ ಅವರ ನಡುವಣ ದೊಡ್ಡ ವಿವಾದ ಗಿಡದ್ದಲ್ಲ, ಸಂತ ಪೇತ್ರ ಮತ್ತು ಸಂತ ಪೌಲರದು.

ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ನೆನಪಿಸಿಕೊಳ್ಳೋಣ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗಗಳಿಂದ ಬಂದ ಕ್ರೈಸ್ತರೊಡನೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಯಕೋಬನ ಕಡೆಯ ಕೆಲವರು ಬಂದೊಡನೆ, ಅವರಿಗೆ ಅಂಜಿ ಪಂಕ್ತಿಯಿಂದ ಹಿಂಜರಿದರು. ಪೌಲರು ಅವರನ್ನು ಎಲ್ಲರೆದುರು ಖಂಡಿಸಿದರು. ಧರ್ಮಸಭೆಯ ಇಬ್ಬರು ಆಧಾರಸ್ತಂಭಗಳು ಹೀಗೆ ಮುಖಾಮುಖಿಯಾದದ್ದು ಆದಿ ಕಾಲದ ವ್ಯಾಖ್ಯಾನಕಾರರಿಗೆ ಮುಜುಗರದ ಸಂಗತಿಯಾಗಿತ್ತು. 387ರ ಸುಮಾರಿಗೆ ಬರೆದ ತಮ್ಮ ವ್ಯಾಖ್ಯಾನದಲ್ಲಿ ಜೆರೋಮರು, ಅದು ನಿಜವಾದ ಜಗಳವಲ್ಲ, ಸಭೆಯ ಹಿತಕ್ಕಾಗಿ ಇಬ್ಬರೂ ಒಳಗೊಳಗೆ ಒಪ್ಪಿಕೊಂಡು ತೋರಿಕೆಗೆ ಆಡಿದ್ದು ಎಂದು ಬರೆದರು. ಅವರಿಗೂ ಹಿಂದೆ ಒರಿಜೆನ್ ಎಂಬ ಮಹಾಪಂಡಿತರ ಅಭಿಪ್ರಾಯವೂ ಇದೇ ಆಗಿತ್ತು.

ಅಗಸ್ಟೀನರಿಗೆ ಇದು ಒಪ್ಪಿಗೆಯಾಗಲಿಲ್ಲ. ಅದೇ ಪತ್ರದಲ್ಲಿ ತಾನು ಸುಳ್ಳು ಬರೆಯುತ್ತಿಲ್ಲವೆಂದು ಪೌಲರು ದೇವರ ಮುಂದೆ ಪ್ರಮಾಣೀಕರಿಸಿದ್ದಾರೆ. ಒಳ್ಳೆಯ ಉದ್ದೇಶದ ಸುಳ್ಳಿಗೆ ಪವಿತ್ರ ಗ್ರಂಥದಲ್ಲಿ ಒಮ್ಮೆ ಜಾಗ ಕೊಟ್ಟರೆ, ಯಾರಿಗೆ ಯಾವ ಮಾತು ಕಹಿಯೆನಿಸುತ್ತದೋ ಅದನ್ನೆಲ್ಲ ತೋರಿಕೆಯೆಂದು ತಳ್ಳಿಹಾಕಬಹುದಲ್ಲ ಎಂಬುದು ಅವರ ಆತಂಕ. ಪೇತ್ರರು ನಿಜವಾಗಿಯೂ ತಪ್ಪಿದರು, ಪೌಲರು ನಿಜವಾಗಿಯೂ ತಿದ್ದಿದರು. ತನಗಿಂತ ಆಮೇಲೆ ಬಂದವನಿಂದ ತಿದ್ದಿಸಿಕೊಂಡ ಪೇತ್ರರ ದೈನ್ಯವೇ ಈ ಘಟನೆಯ ಹಿರಿಯ ಆದರ್ಶ ಎಂದು ಅವರು ವಾದಿಸಿದರು.

ವಾದವೇನೋ ಸರಿ. ಆದರೆ ಅದು ತಲಪಿದ ಬಗೆ ಮಾತ್ರ ಕೆಟ್ಟಿತು. ಅಗಸ್ಟೀನರು 395ರ ಸುಮಾರಿಗೆ ಬರೆದ ಮೊದಲ ಪತ್ರವನ್ನು ಒಯ್ಯಬೇಕಾಗಿದ್ದವರು ತಾವೇ ಧರ್ಮಾಧ್ಯಕ್ಷರಾಗಿ ನೇಮಕಗೊಂಡು ಪ್ರಯಾಣ ಹೊರಡಲಿಲ್ಲ. ಇನ್ನೊಂದು ಪತ್ರದ ಪ್ರತಿಗಳು ಬೆತ್ಲೆಹೇಮಿಗೆ ಸೇರುವ ಮೊದಲೇ ಇಟಲಿಯಲ್ಲಿ ಕೈಯಿಂದ ಕೈಗೆ ಓಡಾಡಿದವು. ಅಗಸ್ಟೀನರು ನಿಮ್ಮ ವಿರುದ್ಧ ಪುಸ್ತಕ ಬರೆದು ರೋಮಿಗೆ ಕಳುಹಿಸಿದ್ದಾರಂತೆ ಎಂಬ ಸುದ್ದಿ ವಯಸ್ಸಾಗಿದ್ದ ಜೆರೋಮರ ಕಿವಿಗೆ ಬಿತ್ತು. ಮೊದಲೇ ಮುಂಗೋಪಿಗಳಾಗಿದ್ದ ಅವರು ಬಹಳ ನೊಂದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ ಅಂದಿಗೂ ಸತ್ಯ, ಒಂದು ಕ್ಷಣದಲ್ಲಿ ಊರೆಲ್ಲ ಸುತ್ತುವ ವಾಟ್ಸಾಪ್ ಸಂದೇಶಗಳ ಇಂದಿಗೂ ಸತ್ಯ. ಜೆರೋಮರನ್ನು ನೋಯಿಸಿದ್ದು ಅಭಿಪ್ರಾಯಭೇದಕ್ಕಿಂತ ಹೆಚ್ಚಾಗಿ, ತನಗೆ ಹೇಳಬೇಕಾದ ಮಾತನ್ನು ತಾನು ಕೇಳುವ ಮೊದಲೇ ಲೋಕವೆಲ್ಲ ಕೇಳಿತೆಂಬುದು. ಇದನ್ನು ಓದಿದಾಗ ನನ್ನ ಅರ್ಧ ಗಂಟೆಯ ಪ್ರಬೋಧನೆ ನೆನಪಾಗಿ ನಾನು ತಲೆ ತಗ್ಗಿಸಿದೆ.

ಅಗಸ್ಟೀನರು ಮುಂದೆ ನಡೆದುಕೊಂಡ ರೀತಿ ಗಮನಾರ್ಹವಾದುದು. ತಾನು ಅಂತಹ ಪುಸ್ತಕ ಬರೆದಿಲ್ಲವೆಂದು ಸ್ಪಷ್ಟಪಡಿಸಿದರು, ನೋವಾಗಿದ್ದರೆ ಕ್ಷಮಿಸಬೇಕೆಂದು ಬೇಡಿದರು. ಜೆರೋಮರು ತಮ್ಮ ಹಳೆಯ ಗೆಳೆಯ ರುಫೀನರೊಡನೆ ಜಗಳವಾಡಿ ಬೇರೆಯಾದುದನ್ನು ಸ್ಮರಿಸಿ, ಅಂತಹ ಸ್ನೇಹವೂ ಮುರಿಯಬಹುದಾದರೆ ಗತಿಯೇನೆಂದು ಮರುಗಿದರು. ಆದರೂ ತಮ್ಮ ವಾದವನ್ನು ಬಿಟ್ಟುಕೊಡಲಿಲ್ಲ. 404ರಲ್ಲಿ ಜೆರೋಮರು ದೀರ್ಘವಾಗಿ ಉತ್ತರಿಸಿದರು. 405ರಲ್ಲಿ ಅಗಸ್ಟೀನರು ಅಷ್ಟೇ ದೀರ್ಘವಾಗಿ ಮರುತ್ತರ ಕೊಟ್ಟರು. ಪದವಿಯಲ್ಲಿ ಧರ್ಮಾಧ್ಯಕ್ಷನು ಗುರುವಿಗಿಂತ ದೊಡ್ಡವನೆನಿಸಿದರೂ, ಹಲವು ವಿಷಯಗಳಲ್ಲಿ ಅಗಸ್ಟೀನನು ಜೆರೋಮನಿಗಿಂತ ಚಿಕ್ಕವನೇ ಎಂಬ ಭಾವದ ಮಾತು ಆ ಪತ್ರದಲ್ಲಿದೆ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ಎಂದೂ ನೋಡಲಿಲ್ಲ. ಆದರೂ 415ರಲ್ಲಿ ಪೆಲಾಜಿಯಸನ ಬೋಧನೆ ಧರ್ಮಸಭೆಯನ್ನು ಕಲಕಿದಾಗ ಒಂದೇ ಪಕ್ಕದಲ್ಲಿ ನಿಂತರು. ಆ ವರ್ಷ ಜೆರೋಮರು ಬರೆದ ಗ್ರಂಥದಲ್ಲಿ, ಅಂತಿಯೋಕ್ಯದ ಪೇತ್ರರ ವಿಷಯದಲ್ಲಿ ತನ್ನ ಅಭಿಪ್ರಾಯವನ್ನೇ ಅವರು ಹಿಡಿದಿದ್ದಾರೆಂದು ಅಗಸ್ಟೀನರು ಆಮೇಲೆ ಒಂದು ಪತ್ರದಲ್ಲಿ ಗುರುತಿಸಿದ್ದಾರೆ. ಇಬ್ಬರೂ ಇಂದು ನಮ್ಮ ಯಜ್ಞವೇದಿಕೆಗಳಲ್ಲಿ ಸಂತರು, ಧರ್ಮಸಭೆಯ ಮಹಾಪಂಡಿತರು.

ಈ ಪ್ರಕರಣದಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ತೋರಿಕೆಯ ಐಕ್ಯ ಐಕ್ಯವಲ್ಲ. ಒಳಗೆ ಅಸಮಾಧಾನವನ್ನು ಬೆಳೆಸಿಕೊಂಡು ಹೊರಗೆ ನಗುವುದನ್ನು ನಾವು ಸೌಹಾರ್ದವೆಂದು ಕರೆಯುತ್ತೇವೆ. ಸತ್ಯವನ್ನು ಬಲಿಕೊಟ್ಟು ಕೊಂಡ ಶಾಂತಿ ಬಹಳ ದಿನ ಬಾಳದು. ಎರಡನೆಯದು, ಅಭಿಪ್ರಾಯಗಳ ಭೇದ ತನ್ನಷ್ಟಕ್ಕೇ ಐಕ್ಯವನ್ನು ಒಡೆಯುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಶಾಂತಿಯನ್ನು ಕುರಿತು ಚರ್ಚಿಸುವಾಗ ಇದೇ ಪ್ರಶ್ನೆಯನ್ನು ಎತ್ತುತ್ತಾರೆ. ಜೆರೋಮರಿಗೂ ಅಗಸ್ಟೀನರಿಗೂ, ಪೌಲರಿಗೂ ಬಾರ್ನಬರಿಗೂ ಭಿನ್ನಾಭಿಪ್ರಾಯವಿತ್ತಲ್ಲ, ಅವರಲ್ಲಿ ಪ್ರೀತಿಯಿರಲಿಲ್ಲವೇ ಎಂಬುದು ಅಲ್ಲಿನ ಆಕ್ಷೇಪ. ಅರಿಸ್ಟಾಟಲನ ನೀತಿಶಾಸ್ತ್ರವನ್ನು ಆಧರಿಸಿ ಅವರು ಕೊಡುವ ಉತ್ತರದ ಸಾರವಿಷ್ಟು: ಸ್ನೇಹವೆಂಬುದು ಅಭಿಪ್ರಾಯಗಳ ಒಮ್ಮತದಲ್ಲಿಲ್ಲ, ಬದುಕಿನ ಮುಖ್ಯ ಹಿತಗಳಲ್ಲಿ ಮನಸ್ಸು ಒಂದಾಗುವುದರಲ್ಲಿದೆ. ಅಭಿಪ್ರಾಯ ಬುದ್ಧಿಗೆ ಸೇರಿದ್ದು, ಶಾಂತಿ ಸಂಕಲ್ಪಕ್ಕೆ ಸೇರಿದ್ದು. ಬುದ್ಧಿಗಳು ಬೇರೆ ದಾರಿ ಹಿಡಿದಾಗಲೂ ಮನಸ್ಸುಗಳು ಒಂದಾಗಿರಬಲ್ಲವು.

ನಮ್ಮ ಕಾಲದ ಧರ್ಮಸಭೆ ಇದನ್ನು ನಡೆದು ತೋರಿಸಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ದೈವಪ್ರಕಟಣೆಯನ್ನು ಕುರಿತ ಮೊದಲ ಕರಡು ಚರ್ಚೆಗೆ ಬಂದಾಗ ಧರ್ಮಾಧ್ಯಕ್ಷರಲ್ಲಿ ತೀವ್ರ ಭಿನ್ನಾಭಿಪ್ರಾಯವುಂಟಾಯಿತು. 1962ರ ನವೆಂಬರ್ 20ರಂದು ಮತಕ್ಕೆ ಹಾಕಿದಾಗ ಕರಡನ್ನು ಕೈಬಿಡಬೇಕೆಂದವರು 1368 ಮಂದಿ, ಮುಂದುವರಿಸಬೇಕೆಂದವರು 822 ಮಂದಿ. ಕೈಬಿಡಲು ಬೇಕಾಗಿದ್ದ ಮೂರರಲ್ಲಿ ಎರಡು ಪಾಲಿನ ಬಹುಮತ ದೊರೆಯಲಿಲ್ಲ. ಆದರೂ ಇಷ್ಟು ಮಂದಿಯ ಮನಸ್ಸನ್ನು ತುಳಿದು ಸಾಗಬಾರದೆಂದು ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ಕರಡನ್ನು ಹಿಂದಕ್ಕೆ ಪಡೆದು, ಎರಡೂ ಪಕ್ಷದವರಿದ್ದ ಸಂಯುಕ್ತ ಸಮಿತಿಗೆ ಒಪ್ಪಿಸಿದರು. ವಿರುದ್ಧ ನಿಲುವುಗಳಿಗೆ ಹೆಸರಾಗಿದ್ದ ಕಾರ್ಡಿನಲ್ ಒಟ್ಟಾವಿಯಾನಿ ಮತ್ತು ಕಾರ್ಡಿನಲ್ ಬೆಯಾರವರೇ ಅದರ ಜಂಟಿ ಅಧ್ಯಕ್ಷರು! ಮೂರು ವರ್ಷಗಳ ತಾಳ್ಮೆಯ ದುಡಿಮೆಯ ಬಳಿಕ 1965ರ ನವೆಂಬರ್ 18ರಂದು ಅಂತಿಮ ಪಾಠ ಅಂಗೀಕೃತವಾಯಿತು. ಪರ 2344, ವಿರುದ್ಧ ಕೇವಲ 6. ಆ ದಾಖಲೆ ಪವಿತ್ರ ಗ್ರಂಥದ ಲೇಖಕರು ಬಳಸಿದ ಸಾಹಿತ್ಯ ಪ್ರಕಾರಗಳನ್ನು ಗಮನಿಸಬೇಕೆಂದೂ ಹೇಳುತ್ತದೆ, ಇಡೀ ಗ್ರಂಥದ ಏಕತೆಯನ್ನೂ ಧರ್ಮಸಭೆಯ ಜೀವಂತ ಪರಂಪರೆಯನ್ನೂ ಬಿಟ್ಟು ಓದಬಾರದೆಂದೂ ಹೇಳುತ್ತದೆ. ಒಂದು ಪಕ್ಷದ ಕಾಳಜಿಯೂ ಉಳಿಯಿತು, ಇನ್ನೊಂದು ಪಕ್ಷದ ಕಾಳಜಿಯೂ ಉಳಿಯಿತು.

ಹಾಗಾದರೆ ಯಾರು ಏನು ಅರ್ಥ ಹೇಳಿದರೂ ಸರಿಯೇ? ಖಂಡಿತ ಅಲ್ಲ. ಪೌಲರು ಪೇತ್ರರನ್ನು ಎದುರಿಸಿದ್ದು ಪಂಕ್ತಿ ಒಡೆದಾಗ ಎಂಬುದನ್ನು ಗಮನಿಸಬೇಕು. ಒಂದೇ ಮೇಜಿನ ಸುತ್ತ ಕುಳಿತು ನಡೆಸುವ ಭಿನ್ನಮತವನ್ನು ಧರ್ಮಸಭೆ ಎಂದೂ ತಾಳಿಕೊಂಡಿದೆ. ಸಹೋದರನನ್ನು ಮೇಜಿನಿಂದ ಎಬ್ಬಿಸುವ ಅಥವಾ ಅವನ ಜೀವಕ್ಕೇ ಎರವಾಗುವ ವ್ಯಾಖ್ಯಾನವನ್ನು ತಾಳಿಕೊಳ್ಳಲಾಗದು. ರೋಗಿಗಾಗಿ ಸಭೆಯ ಹಿರಿಯರು ಪ್ರಾರ್ಥಿಸಲೆಂದು ಯಕೋಬನ ಪತ್ರ ಹೇಳುವುದನ್ನು ಹಿಡಿದು, ವಿಶ್ವಾಸವಿದ್ದರೆ ಔಷಧಿ ಬೇಡ ಎಂದು ಸಕ್ಕರೆ ಕಾಯಿಲೆಯವರಿಗೆ ಉಪದೇಶಿಸುವವರನ್ನು ನಾನು ಕಂಡಿದ್ದೇನೆ. ಅದೇ ಬೈಬಲ್ಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಲು, ಔಷಧಿ ದೇವರ ಸೃಷ್ಟಿಯೆಂದು ತಿಳಿಯಲು ಕಲಿಸುತ್ತದೆ. ಇಲ್ಲಿ ಸುಮ್ಮನಿರುವುದು ಸೌಹಾರ್ದವಲ್ಲ, ದ್ರೋಹ. ಹಾಗೆಯೇ ಕ್ರಿಸ್ತರ ಪುನರುತ್ಥಾನ ನಮ್ಮ ಅಭಿರುಚಿಗೆ ಬಿಟ್ಟ ವಿಷಯವಲ್ಲ. ಅದಿಲ್ಲದೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಕೊರಿಂಥದವರಿಗೆ ಪೌಲರು ಸ್ಪಷ್ಟವಾಗಿ ಬರೆದಿದ್ದಾರೆ. ವಿಶ್ವಾಸ ಪ್ರಮಾಣದಲ್ಲಿ ನಾವು ಎದ್ದುನಿಂತು ಒಂದೇ ಬಾಯಿಂದ ಹೇಳುವುದು ಬೇರೆ, ಯೋನನ ಮೀನನ್ನು ಕುರಿತು ಹೇಳುವುದು ಬೇರೆ. ಮೊದಲನೆಯದು ಮನೆಯ ಅಡಿಪಾಯ. ಎರಡನೆಯದನ್ನು ಹೀಗೆಯೇ ನಂಬಬೇಕೆಂದು ಧರ್ಮಸಭೆ ಕಡ್ಡಾಯ ಮಾಡಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವ ವಿವೇಕ ನಮ್ಮ ಕುಟುಂಬಗಳಲ್ಲಿ ಬೆಳೆಯಬೇಕಾಗಿದೆ.

ಇನ್ನು ಆ ಹಿರಿಯರ ಕಥೆಗೆ ಬರುತ್ತೇನೆ. ಕಡೆಗೊಂದು ಸಂಜೆ ನಾನೇ ಅವರ ಮನೆಗೆ ಹೋದೆ. ಬಾಗಿಲಲ್ಲೇ ಕ್ಷಮೆ ಕೇಳಿದೆ. ಅವರು ಒಳಗೆ ಕರೆದು ಕಾಫಿ ಕೊಡಿಸಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಗೋಡೆಯ ಮೇಲಿದ್ದ ಪತ್ನಿಯ ಭಾವಚಿತ್ರದ ಕಡೆ ನೋಡುತ್ತ ಹೇಳಿದರು: "ಸ್ವಾಮಿ, ಮೀನು ನನಗೆ ದೊಡ್ಡದಲ್ಲ. ಇವಳನ್ನು ಮಣ್ಣಿಗಿಟ್ಟ ದಿನ ಸಮಾಧಿಯ ಹತ್ತಿರ ನಿಂತು, ಯೋನ ಮೂರನೆಯ ದಿನ ಹೊರಗೆ ಬಂದ ಹಾಗೆ ಕ್ರಿಸ್ತ ಎದ್ದ, ಇವಳೂ ಏಳುತ್ತಾಳೆ ಅಂತ ಆಗಿನ ಸ್ವಾಮಿಗಳು ಹೇಳಿದರು. ಅದನ್ನೇ ಹಿಡಿದುಕೊಂಡು ಒಂಬತ್ತು ವರ್ಷ ಬದುಕಿದ್ದೇನೆ. ಮೀನು ಸುಳ್ಳು ಅಂದರೆ ಅದೂ ಸುಳ್ಳೇ ಅಂತ ಕೇಳುವುದಕ್ಕೆ ನಿಮ್ಮ ಹತ್ತಿರ ಬಂದಿದ್ದೆ."

ನಾನು ಓದಿದ ತತ್ತ್ವಶಾಸ್ತ್ರವೆಲ್ಲ ಆ ಕ್ಷಣ ಬಾಯಿ ಮುಚ್ಚಿತು. ಅವರು ಕೇಳಿದ್ದು ಒಂದು ಪ್ರಶ್ನೆ, ನಾನು ಉತ್ತರಿಸಿದ್ದು ಮತ್ತೊಂದಕ್ಕೆ. ವಾಸ್ತವವಾಗಿ ಅವರ ವಾದ ಅಗಸ್ಟೀನರದೇ ವಾದ. ಯೋನನ ಕಥೆಯನ್ನು ಕೇಳಿ ನಗುತ್ತಿದ್ದ ಅಂದಿನ ಅನ್ಯಮತೀಯರಿಗೆ, ದೇವರ ಅದ್ಭುತಗಳಲ್ಲಿ ಇದೊಂದನ್ನೇ ನಂಬಲಾಗದೆಂದು ಬೇರೆಯಿಡಲು ಕಾರಣವಿಲ್ಲ, ಮೂರನೆಯ ದಿನ ಕ್ರಿಸ್ತರು ಎದ್ದುಬಂದದ್ದೇ ಇದಕ್ಕಿಂತ ದೊಡ್ಡ ಅದ್ಭುತವಲ್ಲವೇ ಎಂದು ಅಗಸ್ಟೀನರು ಉತ್ತರಿಸಿದ್ದರು. ಅದೇ ಅಗಸ್ಟೀನರು ಆದಿಕಾಂಡದ ವ್ಯಾಖ್ಯಾನದಲ್ಲಿ, ಗೂಢವಾದ ವಿಷಯಗಳಲ್ಲಿ ಒಂದೇ ಅರ್ಥಕ್ಕೆ ಜೋತುಬಿದ್ದು, ಮುಂದೆ ಸತ್ಯ ಬೇರೆಯಾಗಿ ಕಂಡುಬಂದರೆ ಅದರೊಡನೆ ನಾವೂ ಬೀಳುವಂತಾಗಬಾರದು ಎಂದು ಎಚ್ಚರಿಸಿದ್ದಾರೆ. ಅಧ್ಯಾಪಕಿಯ ನಿಲುವಿಗೆ ಇದು ಆಸರೆ. ಒಬ್ಬನೇ ಸಂತನು ಇಬ್ಬರಿಗೂ ಒಂದೊಂದು ಮಾತನ್ನು ಹೇಳಬಲ್ಲವನಾಗಿದ್ದಾಗ, ನಾನು ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರನ್ನು ಹೊರಗೆ ಕಳುಹಿಸಿದ್ದೆ!

ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ಗ್ರಂಥದಲ್ಲಿ ಒಂದು ಸೊಗಸಾದ ಹೋಲಿಕೆ ಕೊಡುತ್ತಾರೆ. ಪವಿತ್ರ ಗ್ರಂಥದ ಗುರಿ ದೇವರ ಪ್ರೀತಿ ಮತ್ತು ನೆರೆಯವನ ಪ್ರೀತಿ. ಲೇಖಕನ ಉದ್ದೇಶವನ್ನು ತಪ್ಪಾಗಿ ತಿಳಿದರೂ ಈ ಪ್ರೀತಿಯನ್ನು ಬೆಳೆಸುವ ಅರ್ಥವನ್ನು ಪಡೆದವನು, ದಾರಿ ಬಿಟ್ಟು ಹೊಲದಲ್ಲಿ ಹಾದುಹೋದರೂ ಅದೇ ಊರನ್ನು ಸೇರಿದವನಂತೆ. ದಾರಿ ತಪ್ಪುವುದೇ ರೂಢಿಯಾಗಬಾರದೆಂದು ಅವನಿಗೆ ಸರಿದಾರಿಯನ್ನು ತೋರಿಸಬೇಕು. ಆದರೆ ಅವನನ್ನು ವಂಚಕನೆಂದು ಕರೆಯುವಂತಿಲ್ಲ. ನಾವು ಬಹಳ ಸಲ ಮಾಡುವುದು ಇದಕ್ಕೆ ತಿರುಗಾಮುರುಗ. ಸರಿದಾರಿಯಲ್ಲಿ ನಡೆಯುತ್ತೇವೆ, ಊರನ್ನು ಮಾತ್ರ ಸೇರುವುದಿಲ್ಲ.

ಪುನರುತ್ಥಾನದ ನಿರೀಕ್ಷೆ ಮೀನಿನ ಮೇಲೆ ನಿಂತಿಲ್ಲ, ಬರಿದಾದ ಸಮಾಧಿಯನ್ನು ಕಂಡು ಸಾಕ್ಷಿ ನುಡಿದು ಪ್ರಾಣ ತೆತ್ತ ಪ್ರೇಷಿತರ ಮೇಲೆ ನಿಂತಿದೆ ಎಂದು ಅಂದು ಅವರಿಗೆ ನಿಧಾನವಾಗಿ ಹೇಳಿದೆ. ಅವರು ತಲೆದೂಗಿದರು. "ಆದರೂ ಸ್ವಾಮಿ, ಮೀನು ನುಂಗಿತ್ತು" ಎಂದರು. ನಾನು ನಕ್ಕೆ, ಅವರೂ ನಕ್ಕರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರ ಬಂದರು. ಅಧ್ಯಾಪಕಿಗೆ ಅವರ ಮನೆಯಲ್ಲಿ ಕೇಳಿದ ಮಾತನ್ನು, ಅವರ ಒಪ್ಪಿಗೆ ಪಡೆದೇ, ತಿಳಿಸಿದೆ. ಮರುವರ್ಷ ಆಕೆ ಯೋನನ ಪಾಠವನ್ನು ಪುನರುತ್ಥಾನದ ಮಾತಿನಿಂದಲೇ ಆರಂಭಿಸಿದರು. ಇಬ್ಬರೂ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ಬದಲಿಸಬೇಕೆಂದು ನಾನೂ ಕೇಳಲಿಲ್ಲ. ವಿಶ್ವಾಸ ಪ್ರಮಾಣವನ್ನು ಒಂದೇ ದನಿಯಲ್ಲಿ ಹೇಳಿ, ಒಂದೇ ಸಾಲಿನಲ್ಲಿ ಬಂದು ಪರಮ ಪ್ರಸಾದ ಸ್ವೀಕರಿಸುತ್ತಿದ್ದರು. ತರಗತಿಗೆ ಬಾರದಿದ್ದ ಮಕ್ಕಳಲ್ಲಿ ಹೆಚ್ಚಿನವರು ಮರಳಿದರು. ಎರಡು ಕುಟುಂಬಗಳು ಮಾತ್ರ ಮರಳಲೇ ಇಲ್ಲ. ಅದರ ಹೊಣೆ ನನ್ನದು. ಪ್ರತಿದಿನದ ಬಲಿಪೂಜೆಯಲ್ಲಿ ಅವರನ್ನು ಇಂದಿಗೂ ನೆನೆಯುತ್ತೇನೆ.

ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವಾಗಿ ಆಚರಿಸಬೇಕೆಂದು ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ, ಸಂತ ಜೆರೋಮರ ಹಬ್ಬದ ದಿನವಾದ ಸೆಪ್ಟೆಂಬರ್ 30ರಂದೇ ಘೋಷಿಸಿದರು. ಜನವರಿ 18ರಿಂದ 25ರವರೆಗೆ ನಡೆಯುವ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನೆಯ ಸಪ್ತಾಹಕ್ಕೆ ಅದು ಹತ್ತಿರದಲ್ಲೇ ಬರುತ್ತದೆ. ಮೂರು ವರ್ಷಗಳ ವಾಚನ ಸರಣಿಯಲ್ಲಿ ಒಂದು ವರ್ಷ ಆ ಭಾನುವಾರ ಯೋನನ ಗ್ರಂಥವನ್ನೇ ಓದುತ್ತೇವೆ. ಇನ್ನೊಂದು ವರ್ಷ, ನಾನು ಪೌಲನ ಕಡೆಯವನು, ನ‌ಾನು ಅಪೊಲ್ಲೋಸನ ಕಡೆಯವನು ಎಂದು ಹಂಚಿಹೋಗಿದ್ದ ಕೊರಿಂಥದವರಿಗೆ ಪೌಲರು ಮಾಡಿದ ವಿನಂತಿಯನ್ನು ಓದುತ್ತೇವೆ. ವಾಕ್ಯವೂ ಐಕ್ಯವೂ ಒಂದನ್ನೊಂದು ಬಿಟ್ಟಿರಲಾರವೆಂಬುದಕ್ಕೆ ಇದಕ್ಕಿಂತ ಜ್ಞಾಪನೆ ಬೇಕೇ?

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಮನೆಮಂದಿ ಕೂಡಿ ಬೈಬಲ್ ತೆರೆಯಲಿ, ಪ್ರಶ್ನೆಗಳು ಏಳಲಿ, ಚರ್ಚೆಯೂ ನಡೆಯಲಿ. ಆದರೆ ಸಹೋದರನ ಮಾತು ತಪ್ಪೆನಿಸಿದರೆ, ಪ್ರಭು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಕಲಿಸಿದಂತೆ, ಮೊದಲು ಅವನೊಬ್ಬನೊಂದಿಗೇ ಮಾತನಾಡೋಣ. ಅವನು ಒಂದು ಅರ್ಥವನ್ನು ಬಿಗಿಯಾಗಿ ಹಿಡಿದಿದ್ದರೆ, ಅದರಲ್ಲಿ ಯಾವ ನೋವನ್ನು, ಯಾವ ನಿರೀಕ್ಷೆಯನ್ನು ಹಿಡಿದಿದ್ದಾನೆಂದು ಕೇಳೋಣ. ಸಂದೇಹ ಉಳಿದರೆ ಧರ್ಮಸಭೆಯ ಬೋಧನೆಯನ್ನು ವಿನಯದಿಂದ ವಿಚಾರಿಸೋಣ. ಏನೇ ಆದರೂ ಯಜ್ಞವೇದಿಕೆಯನ್ನು ಬಿಟ್ಟು ಹೋಗದಿರೋಣ. ಯಾರನ್ನೂ ಬಿಟ್ಟು ಹೋಗುವಂತೆ ಮಾಡದಿರೋಣ. ಈ ಕಡೆಯ ಮಾತನ್ನು ನಾನು ಮೊದಲು ನನಗೂ ನನ್ನ ಸಹಗುರುಗಳಿಗೂ ಹೇಳಿಕೊಳ್ಳುತ್ತೇನೆ.

ಯೋನನ ಗ್ರಂಥ ಒಂದು ಪ್ರಶ್ನೆಯೊಡನೆ ನಿಂತುಬಿಡುತ್ತದೆ. ಪ್ರವಾದಿ ಏನು ಉತ್ತರ ಕೊಟ್ಟನೆಂದು ಅಲ್ಲಿ ಬರೆದಿಲ್ಲ. ಒಣಗಿದ ಗಿಡದ ಬಳಿ ಸಿಟ್ಟಿನಿಂದ ಕುಳಿತೇ ಇದ್ದನೋ, ಎದ್ದು ಪಟ್ಟಣದೊಳಗೆ ಹೋದನೋ ತಿಳಿಯದು. ಆ ಗಿಡ ಸೋರೆಯೋ, ಐವಿಯೋ, ಹರಳೋ ಎಂಬ ಚರ್ಚೆಯನ್ನು ಪಂಡಿತರು ನಡೆಸಲಿ. ನಾವು ಮಾತ್ರ ಎದ್ದು ಒಳಗೆ ಹೋಗೋಣ. ಅಲ್ಲಿ ನಮ್ಮವರಿದ್ದಾರೆ.